ಸೊಂಟಕ್ಕೆ ಕಟ್ಟಿದ ಆರು ವೋಲ್ಟು

ವಾಡಿ
ನವೆಂಬರ್ 4, 2001

ರಘೂ ಮಾಸ್ತರನಿಗೆ ಮಶಾಕನ ಸಲಾಂ.

ಹೊಸ ಕ್ಯಾಮೆರಾ ಹೇಗಿದೆ ಎಂದು ಕೇಳಿದ್ದೀಯ. ಹೊಸದೇನಲ್ಲ. ನನ್ನ ಹೆಂಡತಿ ಹುಮೇರಾಳ ಅಣ್ಣ ಮುಜಾಹಿದ್ ಹನ್ನೆರಡು ವರ್ಷದ ಹಿಂದೆ ಜೆದ್ದಾದಲ್ಲಿ ಕೊಂಡದ್ದು. ಅವನಿಗೆ ಬೇಸರವಾಗಿ ನನ್ನ ಕೊರಳಿಗೆ ಹಾಕಿ ಹೋಗಿದ್ದಾನೆ. ಗುಂಡಿಯನ್ನು ಅರ್ಧ ಒತ್ತಿದರೆ ಮೂತಿ ತಾನೇ ಝುಂಯ್ ಎಂದು ಹಿಂದೆ ಮುಂದೆ ಸರಿದು ಎದುರಿಗಿದ್ದವರನ್ನು ಹುಡುಕಿಕೊಳ್ಳುತ್ತದೆ. ಸಿಕ್ಕ ಮೇಲೆ ಟೀ-ಟೀ ಎನ್ನುತ್ತದೆ. ಪೂರ್ತಿ ಒತ್ತಿದರೆ ಫೋಟೋ. ನಾನು ಇಪ್ಪತ್ತು ವರ್ಷ ಒಂದು ಕಣ್ಣು ಮುಚ್ಚಿ ಕಲಿತ ವಿದ್ಯೆಯನ್ನು ಅದು ಒಂದು ಚಿಟಿಕೆಯಲ್ಲಿ ಮುಗಿಸುತ್ತದೆ. ಅವಮಾನವೇ. ಆದರೆ ನಿನಗೊಬ್ಬನಿಗೆ ಹೇಳುತ್ತೇನೆ: ಬಲಗಣ್ಣಿಗೆ ಮಬ್ಬು ಬಂದಿದೆ. ಹಳೆಯ ಕ್ಯಾಮೆರಾದಲ್ಲಿ ಮದುಮಗಳು ಯಾರು, ಅವಳ ಹಿಂದಿನ ಕಂಬ ಯಾವುದು ಎಂದು ತಿಳಿಯುವುದಿಲ್ಲ. ವಾಡಿಯಲ್ಲಿ ಇದು ಗೊತ್ತಾದರೆ ಸ್ಟುಡಿಯೋಕ್ಕೆ ಬೀಗ. ಈ ಯಂತ್ರದ ಕಣ್ಣೇ ಈಗ ನನ್ನ ಕಣ್ಣು.

ತೊಂದರೆ ಅದರ ಹೊಟ್ಟೆಯದು. ಸಣ್ಣ ಸಿಲಿಂಡರ್ ಎರಡನ್ನು ಅವಳಿ-ಜವಳಿಯಂತೆ ಕೂಡಿಸಿದ ಆರು ವೋಲ್ಟಿನ ಸೆಲ್ ಬೇಕು. ಸೇಡಂ, ಶಹಾಬಾದ ಎಲ್ಲೂ ಇಲ್ಲ. ಚಿತ್ತಾಪುರದ ಅಂಗಡಿಯವನು ಗಡಿಯಾರದ ಸೆಲ್ ತೆಗೆದು ತೋರಿಸಿ, "ಇದು ನಡೀತದೇನ್ರಿ?" ಎಂದ. ಹೈದರಾಬಾದಿನಲ್ಲಿ ಒಂದೇ ಅಂಗಡಿ, ಅದೂ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸೆಲ್ ಸತ್ತರೆ ಕ್ಯಾಮೆರಾ ಕಲ್ಲು. ರೀಲು ಒಳಗೆ, ನಾನು ಹೊರಗೆ.

ಮೊನ್ನೆ ಸೇಡಂನ ಮದುವೆಯಲ್ಲಿ ಅದೇ ಆಯಿತು. ಬಾಜಾ ಬಡಿಯಿತು, ಅಕ್ಕಿಕಾಳು ಹಾರಿದವು, ನಾನು ಒತ್ತಿದೆ. ಸದ್ದೇ ಇಲ್ಲ. ಮದುಮಗಳ ಅಜ್ಜಿ ಹಣಮವ್ವ ಮಂಟಪಕ್ಕೆಲ್ಲ ಕೇಳುವಂತೆ, "ಏ ಫೋಟೋದಪ್ಪಾ, ಹೊಡಿಯೋ! ಕಾಳು ಕೋಳಿ ತಿನ್ಲಿಕತ್ತಾವ, ನೀ ಇನ್ನಾ ಹೊಡಿವಲ್ಲಿ!" ಎಂದಳು. ಎರಡನೇ ಸಲ ಕಾಳು ಹಾಕಿಸಿ ಹಳೆಯದರಿಂದ ಹೊಡೆದೆ. ಕಂಬ ಸ್ಪಷ್ಟವಾಗಿ ಬಂದಿದೆ.

ನಾಲವಾರದ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರೂ ವಿಜ್ಞಾನ ನಿನ್ನ ಕಡೆಗೇ ಹೋಯಿತು. ಏನಾದರೂ ದಾರಿ ಹೇಳು.

ನಿನ್ನ ಮಶಾಕ


ಚಿಂಚೋಳಿ
ನವೆಂಬರ್ 12, 2001

ವಾಡಿ ಜಂಕ್ಷನ್ನಿನ ಏಕಮೇವ ಛಾಯಾಗ್ರಾಹಕ, ಕಂಬಗಳ ಚಿತ್ರಕಾರ ಮಶಾಕ ಸಾಹೇಬರ ಸನ್ನಿಧಾನಕ್ಕೆ,

ತಮ್ಮ ಕ್ಯಾಮೆರಾದ ಅಕಾಲ ಮರಣದ ವಾರ್ತೆ ಓದಿ ಎಂಟನೆಯ ತರಗತಿಯ ಮಕ್ಕಳೊಂದಿಗೆ ಒಂದು ನಿಮಿಷ ಮೌನ ಆಚರಿಸಿದೆ. ಅವರಿಗೆ ಕಾರಣ ಹೇಳಲಿಲ್ಲ. ಮಕ್ಕಳು ಸುಮ್ಮನಿರುವುದಕ್ಕೆ ಕಾರಣ ಬೇಕೇ?

ಈಗ ಔಷಧ. ಯಂತ್ರಕ್ಕೆ ಬೇಕಾದದ್ದು ಆರು ವೋಲ್ಟು. ಅದು ಹೈದರಾಬಾದಿನಿಂದ ಬಂತೋ, ಹಣಮವ್ವನ ಬ್ಯಾಟರಿಯಿಂದ ಬಂತೋ ಎಂದು ಯಂತ್ರ ಗೋತ್ರ ಕೇಳುವುದಿಲ್ಲ. ಟಾರ್ಚಿನ ದೊಡ್ಡ ಸೆಲ್ಲಿಗೆ ಒಂದೂವರೆ ವೋಲ್ಟು. ನಾಲ್ಕನ್ನು ಸಾಲಾಗಿ ನಿಲ್ಲಿಸಿದರೆ ಆರು. ನಾಲ್ಕೂ ಸೆಲ್ಲುಗಳನ್ನು ಹಳೆಯ ಸೈಕಲ್ ಟ್ಯೂಬಿನಲ್ಲಿ ತುರುಕಿ, ಕರಿ ಟೇಪು ಸುತ್ತಿ, ಸೊಂಟಕ್ಕೆ ಬೆಲ್ಟಿನಂತೆ ಕಟ್ಟಿಕೋ. ಎರಡು ತಂತಿ, ಒಂದು ಕೆಂಪು, ಒಂದು ಕಪ್ಪು, ಅಂಗಿಯ ಒಳಗಿನಿಂದ ಮೇಲೆ ಬಂದು ಕ್ಯಾಮೆರಾ ಸೇರಲಿ. ಸತ್ತ ಸೆಲ್ಲಿನ ಆಕಾರದ್ದೇ ಒಂದು ಕಟ್ಟಿಗೆಯ ತುಂಡು ಮಾಡಿಸಿ, ಅದಕ್ಕೆ ಎರಡು ಹಿತ್ತಾಳೆ ಸ್ಕ್ರೂ ಹೊಡೆದು ತಂತಿ ಕಟ್ಟು. ಕಟ್ಟಿಗೆಯನ್ನು ಸೆಲ್ಲಿನ ಜಾಗದಲ್ಲಿ ಕೂಡಿಸು. ಕ್ಯಾಮೆರಾ ಮೋಸ ಹೋಗುತ್ತದೆ.

ಸರಕಾರಿ ಶಿಕ್ಷಕನೊಬ್ಬ ಖಾಸಗಿಯಾಗಿ ವಿದ್ಯುತ್ ಸರಬರಾಜು ಮಾಡುವುದು ಸೇವಾ ನಿಯಮಕ್ಕೆ ವಿರುದ್ಧ. ಆದ್ದರಿಂದ ಈ ವ್ಯವಹಾರದ ಪತ್ರಗಳಿಗೆ ನಾನು ಹೆಸರು ಹಾಕುವುದಿಲ್ಲ, ಇನ್ನು ಮುಂದೆ ಊರನ್ನೂ ಬರೆಯುವುದಿಲ್ಲ, ಬೇರೆ ಬೇರೆ ಊರಿನ ಪೆಟ್ಟಿಗೆಗೆ ಹಾಕುತ್ತೇನೆ. ಪತ್ತೆ ಹಚ್ಚಲು ಬಂದವರು ತಲೆ ಕೆರೆದುಕೊಳ್ಳಲಿ.

ಇಂತಿ,
ನಿನ್ನ ಗುಪ್ತ ಸರಬರಾಜುದಾರ


ವಾಡಿ
ಜನವರಿ 14, 2002

ರಘೂ,

ಎರಡು ತಿಂಗಳು ಬರೆಯಲಿಲ್ಲ, ಮದುವೆಗಳು ಬಿಡಲಿಲ್ಲ. ನಿನ್ನ ಬೆಲ್ಟು ನಡೆಯುತ್ತಿದೆ! ಕಟ್ಟಿಗೆ ತುಂಡು ಮಾಡಿಕೊಟ್ಟ ಬಡಿಗೇರ ಶಿವರಾಯ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟ ಸಣ್ಣ ತೊಟ್ಟಲಾ ಯಾ ಕೂಸಿಗ್ರಿ ಸಾಹೇಬ್ರ?" ಎಂದ. ಹನ್ನೊಂದು ಮದುವೆ ಹೊಡೆದೆ, ಒಂದು ಸಲವೂ ಕೈಕೊಟ್ಟಿಲ್ಲ. ಚಳಿಗೆ ಸೆಲ್ಲು ಸುಸ್ತಾಗುತ್ತವೆ ಎನ್ನುತ್ತಿದ್ದೆಯಲ್ಲ, ಹೊಟ್ಟೆಗೆ ಅಂಟಿಕೊಂಡೇ ಇರುವುದರಿಂದ ಬೆಚ್ಚಗಿರುತ್ತವೆ.

ಸ್ಟೇಷನ್ನಿನಲ್ಲಿ ಶೇಂಗಾ ಮಾರುವ ಅನಸುಬಾಯಿ ಮೊನ್ನೆ ತಡೆದು ನಿಲ್ಲಿಸಿದಳು.

"ಯಾಕೋ ಮಶಾಕ, ಹೊಟ್ಟಿ ಬಂದದಲ್ಲೋ!"

"ಹೊಟ್ಟಿ ಅಲ್ಲವ್ವಾ, ಸೆಲ್ಲು."

ಅಂಗಿ ಸರಿಸಿ ತೋರಿಸಿದೆ. ತಂತಿ ನೋಡಿ ಅವಳ ಮುಖ ಸಣ್ಣದಾಯಿತು. "ನಮ್ಮ ಮನಿಯವರಿಗೂ ದವಾಖಾನಿದಾಗ ಹಿಂಗೇ ವೈರ್ ಹಚ್ಚಿದ್ರಪ್ಪಾ. ಮೂರ ದಿನಾ ಇದ್ರು," ಎಂದು ಒಂದು ಹಿಡಿ ಶೇಂಗಾ ಪುಕ್ಕಟೆ ಕೊಟ್ಟಳು. ಅವಳು ಪುಕ್ಕಟೆ ಕೊಟ್ಟದ್ದು ನಾನು ನೋಡಿದ್ದು ಇದೇ ಮೊದಲು.

ದಿಲ್ಲಿಯ ಪಾರ್ಲಿಮೆಂಟಿನಲ್ಲಿ ಆದದ್ದು ಆದ ಮೇಲೆ ಇಲ್ಲಿ ಎಲ್ಲರ ಚೀಲ ಬಿಚ್ಚಿಸುತ್ತಿದ್ದಾರೆ. ನನ್ನದು ಚೀಲವಲ್ಲ, ಅಂಗಿಯ ಒಳಗೆ. ಹಾಗಾಗಿ ಯಾರೂ ಕೇಳಿಲ್ಲ. ಹೊಸಬ ಪೊಲೀಸಪ್ಪನೊಬ್ಬ ಮಾತ್ರ ಟೀ-ಟೀ ಕೇಳಿ ತಿರುಗಿ ನೋಡಿದ. ಹೆಸರು ಕೇಳಿದ. ಹೇಳಿದೆ. ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದೆ. ಕಿವಿ ಮಂದ ಇರಬೇಕು.

ಈಗ ಮುಖ್ಯ ವಿಷಯ. ಫೆಬ್ರುವರಿ ಮೂರಕ್ಕೆ ಮಂತ್ರಿಗಳೊಬ್ಬರು ರೈಲಿನಿಂದ ವಾಡಿಯಲ್ಲಿ ಇಳಿದು ಶಹಾಬಾದಿಗೆ ಉದ್ಘಾಟನೆಗೆ ಹೋಗುತ್ತಾರೆ. ಸ್ವಾಗತ ಸಮಿತಿಯವರು ಕೆಲಸ ನನಗೇ ಹೇಳಿದ್ದಾರೆ. "ಮಂತ್ರಿಗಳು ಡಬ್ಬಿ ಬಾಗಿಲದಾಗ ನಿಂತಾಗೇ ಹೊಡಿಬೇಕು ನೋಡು. ಇಳಿದ ಮ್ಯಾಲ ಮಂದಿ ಮುತ್ತತಾರ," ಎಂದರು. ಇದೊಂದು ಸರಿಯಾಗಿ ಬಂದರೆ ಪೇಪರಿನಲ್ಲಿ ನನ್ನ ಹೆಸರು ಬರುತ್ತದೆ. ಕಣ್ಣಿನ ಮಾತು ಎತ್ತುವವರ ಬಾಯಿ ಮುಚ್ಚುತ್ತದೆ. ತಂತಿ ಒಂದು ಕಡೆ ಸಡಿಲಾಗಿದೆ. ಯಾವುದು ಎಲ್ಲಿಗೆ ಎಂದು ಚಿತ್ರ ಬರೆದು ಕಳಿಸು.

ಮಶಾಕ


ಜನವರಿ 25, 2002

ಮಂತ್ರಿಮಾನ್ಯ ಬೇಟೆಗಾರರಿಗೆ,

ನಿನ್ನ ಪತ್ರ ಓದಿ ನನ್ನ ಎದೆ ಆರು ಇಂಚು ಉಬ್ಬಿತು. ಕೋಳಿ, ಕಂಬ, ಹಣಮವ್ವ ಎಲ್ಲ ಮುಗಿದು ಈಗ ನೇರವಾಗಿ ಮಂತ್ರಿಮಂಡಲಕ್ಕೇ ಕೈ ಹಾಕಿದೆಯಲ್ಲ!

ಕೇಳಿಸಿಕೋ. ಹಳೆಯ ಸೆಲ್ಲುಗಳನ್ನು ಹಿಂದಿನ ದಿನವೇ ಮಣ್ಣು ಮಾಡು, ಹೊಸ ನಾಲ್ಕನ್ನು ತುಂಬು. ಬೆಲ್ಟು ಮೈಗೆ ಬಿಗಿಯಾಗಿರಲಿ, ಅಂಗಿ ಸಡಿಲಾಗಿರಲಿ, ತಂತಿ ಯಾರ ಕಣ್ಣಿಗೂ ಬೀಳದಿರಲಿ. ಮಂತ್ರಿಗಳ ಪಕ್ಕದ ಚಿತ್ರದಲ್ಲಿ ಬಾಲ ಬಿಟ್ಟ ಛಾಯಾಗ್ರಾಹಕ ಶೋಭಿಸುವುದಿಲ್ಲ. ಕೆಂಪು ತಂತಿ ಕೂಡುವ ಚಿಹ್ನೆಗೆ, ಕಪ್ಪು ಕಳೆಯುವ ಚಿಹ್ನೆಗೆ. ಅದಲು ಬದಲಾದರೆ ಎಲ್ಲ ಅಲ್ಲೇ ಸುಟ್ಟು ಹೋಗುತ್ತದೆ, ಹನ್ನೆರಡು ವರ್ಷದ ಬಾಳು ಒಂದು ಕ್ಷಣದಲ್ಲಿ ಹೊಗೆ! ಕೆಳಗೆ ಚಿತ್ರ ಬರೆದಿದ್ದೇನೆ. ಕಾಗದ ಜೇಬಿನಲ್ಲೇ ಇರಲಿ.

ರೈಲು ನಿಲ್ಲುವ ಮೊದಲೇ ಬಾಗಿಲಿಗೆ ಹತ್ತಿರ ಹೋಗು. ಮಂತ್ರಿಗಳು ಕಂಡ ಕೂಡಲೇ ಗುರಿ ಹಿಡಿ. ಅರ್ಧ ಒತ್ತು. ಟೀ-ಟೀ ಎಂದ ಮೇಲೆ ಪೂರ್ತಿ ಒತ್ತು. ಒಂದೇ ಏಟಿಗೆ ಹೊಡೆ. ಎರಡನೆಯ ಏಟಿಗೆ ಅವಕಾಶ ಸಿಗಲಾರದು. ಕೆಲಸವಾದ ಮೇಲೆ ಮಂದಿಯೊಳಗೆ ಸೇರಿ ಹೊರಗೆ ಬಂದುಬಿಡು. ಮರುದಿನದ ಪೇಪರಿನಲ್ಲಿ ಇಡೀ ನಾಡೇ ನೋಡಲಿ.

ಇಂತಿ,
ನೀ ಬಲ್ಲವನು


ಫೆಬ್ರುವರಿ 11, 2002

ಎಲ್ಲಿ ಮಾಯವಾದೆ?

ಮೂರನೆಯ ತಾರೀಖು ಹೋಗಿ ಎಂಟು ದಿನವಾಯಿತು. ಪೇಪರಿನಲ್ಲಿ ಮಂತ್ರಿಗಳು ಶಹಾಬಾದಿನಲ್ಲಿ ರಿಬ್ಬನ್ ಕತ್ತರಿಸುವ ಚಿತ್ರ ಬಂದಿದೆ, ವಾಡಿಯ ಬಾಗಿಲಲ್ಲಿ ನಿಂತದ್ದು ಬಂದಿಲ್ಲ. ಅಂದರೆ ಏಟು ತಪ್ಪಿತು. ಸೆಲ್ ಕೈಕೊಟ್ಟಿತೋ, ಗುರಿ ತಪ್ಪಿ ಹಿಂದಿನ ಕಂಬಕ್ಕೆ ಬಿತ್ತೋ? ನಾಚಿಕೆಯಿಂದ ಮೌನವ್ರತ ಹಿಡಿದಿರುವೆ ಎಂದು ತಿಳಿದೆ. ಮಂತ್ರಿಗಳು ಬದುಕಿರುವವರೆಗೆ ಇನ್ನೊಂದು ಅವಕಾಶ ಇದ್ದೇ ಇದೆ, ಧೈರ್ಯ ತಂದುಕೋ.

ನಿನ್ನ ಸರಬರಾಜುದಾರ


ಫೆಬ್ರುವರಿ 16, 2002

ಮಾನ್ಯರೇ,

ತಮ್ಮ ಪತ್ರ ತಲುಪಿತು. ನಾನು ಆರೋಗ್ಯವಾಗಿದ್ದೇನೆ. ಆ ದಿನ ಸ್ಟೇಷನ್ನಿನಲ್ಲಿ ಸ್ವಲ್ಪ ಗೈರುತಿಳುವಳಿಕೆ ಆಯಿತು. ಈಗ ಪ್ರತಿದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂದು ಕಡೆ ಹೋಗಿ ಸಹಿ ಮಾಡಿ ಬರಬೇಕಾಗುತ್ತದೆ. ಆದಕಾರಣ ತಮಗೆ ಬರೆಯಲು ಪುರುಸೊತ್ತು ಸಿಗಲಿಲ್ಲ.

ತಾವು ಯಾರೆಂದು ಕೆಲವರು ವಿಚಾರಿಸಿದರು. ಪರಿಚಯದ ಗಿರಾಕಿ, ಹೆಸರು ನೆನಪಿಲ್ಲ ಎಂದು ತಿಳಿಸಿರುತ್ತೇನೆ. ಇನ್ನು ಮುಂದೆ ದಯವಿಟ್ಟು ನನಗೆ ಪತ್ರ ಬರೆಯಬಾರದಾಗಿ ವಿನಂತಿ. ತಾವು ತಿಳಿದವರು. ಹೆಚ್ಚಿಗೆ ಬರೆಯಲಾರೆ.

ಇಂತಿ ತಮ್ಮ ವಿಶ್ವಾಸಿ,
ಮಶಾಕ, ಛಾಯಾಗ್ರಾಹಕ


ಫೆಬ್ರುವರಿ 21, 2002

ಭಲೇ ಮಶ್ಯಾ, ಭಲೇ!

ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿ ನಕ್ಕು ನಕ್ಕು ಚಹಾ ನೆತ್ತಿಗೇರಿತು. "ಮಾನ್ಯರೇ!" "ಬರೆಯಬಾರದಾಗಿ ವಿನಂತಿ!" ಮೂವತ್ತು ವರ್ಷ ನನ್ನ ಕೀಟಲೆ ಸಹಿಸಿ ಕೊನೆಗೆ ನನ್ನ ಬಾಣವನ್ನೇ ನನ್ನ ಮೇಲೆ ಬಿಟ್ಟೆಯಲ್ಲ. ಆ ಗಂಭೀರ ಮುಖ ನನಗೂ ಸಾಧಿಸಿಲ್ಲ. ಪತ್ರವನ್ನು ವಾಡಿ ಬಿಟ್ಟು ಚಿತ್ತಾಪುರದ ಪೆಟ್ಟಿಗೆಗೆ ಹಾಕಿ ಬಂದಿದ್ದೀಯ. ನಾಟಕಕ್ಕೆ ಅಷ್ಟು ಖರ್ಚು ಯಾಕೋ! ದಿನಾ ಹನ್ನೊಂದಕ್ಕೆ ಸಹಿ ಎಂದರೆ ಸರಕಾರಿ ನೌಕರಿಯೇ ಸಿಕ್ಕಂತೆ. ಇರಲಿ. ನೀನು ಠಾಣೆಯ ವೇಷ ಹಾಕಿದ್ದರೆ ನಾನು ಕಳ್ಳನ ವೇಷ ಹಾಕದಿರುವುದು ಸ್ನೇಹಕ್ಕೆ ದ್ರೋಹ. ತೆಗೆದುಕೋ ನನ್ನ ತಪ್ಪೊಪ್ಪಿಗೆ:

ವಾಡಿ ಜಂಕ್ಷನ್ನಿನಲ್ಲಿ ಮಂತ್ರಿಗಳನ್ನು ಹೊಡೆಯುವ ಸಂಚು ಆದ್ಯಂತ ನನ್ನದು. ಬೆಲ್ಟಿನ ವಿನ್ಯಾಸ ನನ್ನದು. ಸದರಿ ಮಶಾಕ ಬರೀ ಗುಂಡಿ ಒತ್ತುವವನು. ಅವನಿಗೆ ಕೆಂಪು ಕಪ್ಪು ತಂತಿಯ ಭೇದವೂ ತಿಳಿಯದು. ಸಂಘದ ಮುಂದಿನ ಗುರಿ ಚಂದ್ರಂಪಳ್ಳಿಯ ಅಣೆಕಟ್ಟು. ಅದನ್ನು ಸಂಜೆ ಐದಕ್ಕೆ, ನೀರು ತುಂಬಿದಾಗ, ಗೋಡೆಯ ನಟ್ಟ ನಡುವೆ ಗುರಿಯಿಟ್ಟು ಹೊಡೆಯತಕ್ಕದ್ದು. ಬೆಲ್ಟು ಹೊಸ ಸೆಲ್ಲಿನೊಂದಿಗೆ ಸಿದ್ಧವಿರಲಿ. ಊಟ ನಮ್ಮ ಮನೆಯಲ್ಲಿ.

ನಾನು ಯಾರೆಂದು ಕೇಳಿದವರಿಗೆ ಹೇಳು: ನನ್ನನ್ನು ಹಿಡಿಯುವುದು ಅಸಾಧ್ಯ!

ಇಂತಿ,
ಗುಪ್ತ ಸಂಘದ ಮುಖ್ಯಸ್ಥ


ವಾಡಿ
ಮಾರ್ಚ್ 2, 2002

ರಘೂಭಾಯಿ, ಸಲಾಂ. ನಾ ಹುಮೇರಾ, ಮಶಾಕ ಅವರ ಮನಿಯಾಕಿ. ನನಗ ನಿಮ್ಮಂಗ ಬರಿಲಿಕ್ಕ ಬರಂಗಿಲ್ಲ. ಮಾತಾಡಿದಂಗ ಬರಿತೀನಿ.

ಇನ್ನ ನಗಸಾಡಬ್ಯಾಡ್ರಿ.

ಮೂರನೇ ತಾರೀಖಿಗೆ ಮಂತ್ರಿಗಳ ಡಬ್ಬಿ ಮುಂದ ಇವರ ಕ್ಯಾಮೆರಾ ಟೀ-ಟೀ ಅಂತು. ಹಿಂದಿದ್ದ ಪೊಲೀಸರು ಇವರನ್ನ ನೆಲಕ್ಕ ಕೆಡವಿದ್ರು. ಅಂಗಿ ಹರಿದ್ರು. ಬೆಲ್ಟ್ ನೋಡಿ ಪ್ಲಾಟ್‌ಫಾರ್ಮಿನ ಮಂದಿ ಎಲ್ಲಾ ಓಡ್ಯಾರ, ಅನಸುಬಾಯಿ ಶೇಂಗಾ ಬುಟ್ಟಿ ಬಿಟ್ಟು ಓಡ್ಯಾಳ. ಬಿಚ್ಚಿ ನೋಡಿದ ಮ್ಯಾಲ ಬರೇ ಸೆಲ್ಲು ಅಂತ ತಿಳಿತು. ಬಿಡ್ತಿದ್ರು. ಆದ್ರ ಜೇಬಿನಾಗ ನಿಮ್ಮ ಕಾಗದ ಸಿಕ್ಕಿತು. ಒಂದೇ ಏಟಿಗೆ ಹೊಡಿ ಅಂತ ಬರ್ದೀರಿ. ಆವಾಗ ಎರಡು ದಿನ ಇಟಗೊಂಡು, ದಿನಾ ಸಹಿ ಮಾಡು ಅಂತ ಬಿಟ್ರು. ಸ್ವಾಗತ ಸಮಿತಿಯವರನ್ನ ಕೇಳಿದ್ರ "ಯಾವ ಮಶಾಕ?" ಅಂದ್ರಂತ.

ಆಮ್ಯಾಲ ನಿಮ್ಮ ಡ್ಯಾಮಿನ ಕಾಗದ ಬಂತು. ನಮ್ಮ ಟಪಾಲು ಈಗ ನಮ್ಮ ಕೈಗೆ ಬರೂಕಿಂತ ಮೊದಲ ಬ್ಯಾರೆಯವರ ಕೈಗೆ ಹೋಗ್ತದ. ಇಪ್ಪತ್ತೈದಕ್ಕ ಜೀಪ್ ಬಂದು ಕರಕೊಂಡು ಹೋದ್ರು, ಇಲ್ಲಿ ಅಲ್ಲ, ದೂರ. ಒಂದೇ ಸಲ ಭೇಟಿ ಕೊಟ್ಟಾರ. ಬರೆದವನು ಯಾರು ಅಂತ ಕೇಳ್ತಾರಂತ. ಇವರು ಹೇಳವಲ್ಲರು. "ಅವನ ನೌಕರಿ ಹೋಗ್ತದ, ನೀನೂ ಬಾಯಿ ಬಿಡಬ್ಯಾಡ," ಅಂತ ನನ್ನ ಕೈ ಮ್ಯಾಲ ಆಣಿ ಹಾಕಿಸಿಕೊಂಡಾರ. ಅಲ್ಲಿನ ಸಾಹೇಬರು ನನಗ ಅಂದ್ರು, "ಬರೆದವ ಬಂದು ಇದು ಚೇಷ್ಟೆ ಅಂತ ಹೇಳಿದ್ರ ಮುಗೀತದವ್ವಾ."

ನಾ ಆಣಿ ಮುರಿಯಂಗಿಲ್ಲ. ಅದಕ್ಕ ನಿಮಗ ಬರ್ಲಿಕತ್ತೀನಿ. ನೀವಾಗೇ ಬರ್ರಿ ಭಾಯಿ. ಊರಿನ ಹವಾ ಛಲೋ ಇಲ್ಲ, ಪೇಪರಿನಾಗಿನ ಗಲಾಟಿ ಸುದ್ದಿ ಓದಿ ಮಂದಿ ನಮ್ಮ ಮನಿ ಕಡಿ ನೋಡ್ಲಿಕತ್ತಾರ. ಲಗೂ ಬರ್ರಿ.

ಹುಮೇರಾ


ಚಿಂಚೋಳಿ
ಮಾರ್ಚ್ 6, 2002
ಅಂಚೆಗೆ ಹಾಕದ ಪತ್ರ

ಹುಮೇರಾ ತಂಗಿಗೆ,

ನಿಮ್ಮ ಪತ್ರ ನಿನ್ನೆ ಮಧ್ಯಾಹ್ನ ಕೈಸೇರಿತು. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಸೇಡಂವರೆಗೆ ಬಂದೆ. ಸ್ಟೇಷನ್ನಿನಲ್ಲಿ ವಾಡಿಗೆ ಟಿಕೀಟು ತೆಗೆದೆ. ಬೆಂಚಿನ ಮೇಲೆ ಕೂತು, ಸಾಹೇಬರ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದೆ. ಜೋಡಿಸಿದ ಪ್ರತಿ ವಾಕ್ಯವೂ ಚೇಷ್ಟೆಯಂತೆಯೇ ಕೇಳಿಸಿತು.

ನನ್ನ ಹೆಂಡತಿ ಧನಶ್ರೀ ಹೊರಡುವಾಗ ಹೇಳಿದ್ದಳು: "ನಂದೇ ಅಕ್ಷರ ಅಂತ ನೀವಾಗಿ ಹೋಗಿ ಹೇಳ್ತೀರಿ. ಒಳಗ ಕುಂದ್ರಸಿಕೊಂಡ್ರ? ನಲವತ್ತೆಂಟ ತಾಸು ಒಳಗಿದ್ರ ಸಸ್ಪೆಂಡ್ ಮಾಡ್ತಾರ. ನಮ್ಮ ಮಗಳು ಪ್ರಮಿತಾನ ನಿಶ್ಚಯ ಮುಂದಿನ ವಾರ ಅದ." ನಾನು ಅವಳಿಗೆ ಸರಿಯಾಗಿ ಗದರಿಸಿ ಬಂದಿದ್ದೆ.

ಪ್ಯಾಸೆಂಜರ್ ಬಂತು. ನಮ್ಮ ಶಾಲೆಯ ಗುಮಾಸ್ತ ಅದರಿಂದ ಇಳಿದ. "ಎಲ್ಲಿಗ್ರೀ ಸರ?" ಎಂದ. "ಎಲ್ಲಿಗೂ ಇಲ್ಲ," ಎಂದೆ. ಹಾಗೆಂದ ಮೇಲೆ ಹತ್ತುವುದು ಹೇಗೆ? ಗಾಡಿ ಹೋಯಿತು. ಅವನ ಜೊತೆಗೇ ಚಹಾ ಕುಡಿದು, ಅವನ ಜೊತೆಗೇ ಚಿಂಚೋಳಿಗೆ ಮರಳಿದೆ. ದಾರಿಯುದ್ದಕ್ಕೂ ಅವನನ್ನು ನಗಿಸಿದೆ.

ಪರೀಕ್ಷೆಗಳು ಹದಿನೆಂಟಕ್ಕೆ ಮುಗಿಯುತ್ತವೆ. ಆಮೇಲೆ ರಜೆ ಕೇಳಿದರೆ ಯಾರೂ ಕಾರಣ ಕೇಳುವುದಿಲ್ಲ. ಇನ್ನು ಹನ್ನೆರಡೇ ದಿನ. ಅಷ್ಟರಲ್ಲಿ ಅವರೇ ವಿಚಾರಿಸಿ ಬಿಟ್ಟರೂ ಬಿಟ್ಟಾರು. ಮಶಾಕ ಗಟ್ಟಿ ಮನುಷ್ಯ. ಶಾಲೆಯಲ್ಲಿ ನನ್ನ ಪಾಲಿನ ಏಟನ್ನೂ ಅವನೇ…


ಮಾರ್ಚ್ 19, 2002

ಮಾನ್ಯ ಅಧಿಕಾರಿಗಳಿಗೆ,

ರಘೂತ್ತಮ ತಂದೆ ನರಸಿಂಹಾಚಾರ್, ವಯಸ್ಸು 43, ವಿಜ್ಞಾನ ಶಿಕ್ಷಕ, ಸಾಕಿನ್ ಚಿಂಚೋಳಿ, ಆದ ನಾನು ಬರೆದುಕೊಡುವ ವಿವರಣೆ.

ತಮ್ಮ ಬಳಿ ಇರುವ ಹೆಸರಿಲ್ಲದ ಪತ್ರಗಳನ್ನು ಬರೆದವನು ನಾನು. ಅಕ್ಷರ ಹೋಲಿಸಿ ನೋಡಬಹುದು.

"ಹೊಡೆ" ಎಂಬ ಶಬ್ದವನ್ನು ಎಲ್ಲ ಪತ್ರಗಳಲ್ಲೂ ಫೋಟೋ ತೆಗೆಯುವುದು ಎಂಬ ಅರ್ಥದಲ್ಲಿ ಬಳಸಿದ್ದೇನೆ. ನಮ್ಮ ಕಡೆಯ ಜನ ಫೋಟೋ ತೆಗೆಸುವಾಗ "ಹೊಡೀರಿ" ಎಂದೇ ಹೇಳುತ್ತಾರೆ. ಮಂತ್ರಿಗಳನ್ನು ಹೊಡೆ ಎಂದರೆ ಮಂತ್ರಿಗಳ ಫೋಟೋ ತೆಗೆ ಎಂದು. "ಒಂದೇ ಏಟಿಗೆ" ಎಂದಿರುವುದು, ಫ್ಲಾಶ್ ಎರಡನೆಯ ಸಲ ಉರಿಯುವುದಕ್ಕೆ ಆ ಸೆಲ್ಲುಗಳು ಹೊತ್ತು ತೆಗೆದುಕೊಳ್ಳುತ್ತವೆ ಎಂಬ ಕಾರಣಕ್ಕೆ. "ಸುಟ್ಟು ಹೋಗುತ್ತದೆ" ಎಂದಿರುವುದು ಕ್ಯಾಮೆರಾದ ಬಗ್ಗೆ. "ಮಂತ್ರಿಗಳು ಬದುಕಿರುವವರೆಗೆ" ಎಂಬ ಮಾತಿಗೆ ವಿಶೇಷ ಅರ್ಥವಿಲ್ಲ. ಕೈ ಓಡಿದಂತೆ ಬರೆದದ್ದು.

ಗುಪ್ತ ಸಂಘ ಎಂಬುದು ಇಲ್ಲ. ಅದರ ಮುಖ್ಯಸ್ಥನೂ ಇಲ್ಲ. ಚಂದ್ರಂಪಳ್ಳಿಯ ಅಣೆಕಟ್ಟು ಸಂಜೆ ಐದಕ್ಕೆ ಚೆಂದ ಕಾಣುತ್ತದೆ. ಅದರ ಫೋಟೋ ತೆಗೆಯಲು ಗೆಳೆಯನನ್ನು ಊಟಕ್ಕೆ ಕರೆದಿದ್ದೆ. ಬೆಲ್ಟನ್ನು ಶಾಲೆಯ ಪ್ರಯೋಗಕೋಣೆಯಲ್ಲಿ ತಮ್ಮೆದುರಿಗೇ ಮತ್ತೆ ಮಾಡಿ ತೋರಿಸಬಲ್ಲೆ.

ಇವೆಲ್ಲ ಓದಿದವರಿಗೆ ನಗೆ ಬರಲೆಂದು ಬರೆದವು. ಓದಿದವರಿಗೆ ನಗೆ ಬಾರದಿದ್ದಲ್ಲಿ ತಪ್ಪು ಬರೆದವನದು, ಜೇಬಿನಲ್ಲಿ ಇಟ್ಟುಕೊಂಡವನದಲ್ಲ.

ರಘೂತ್ತಮ


ವಾಡಿ
ಏಪ್ರಿಲ್ 2, 2002

ರಘೂ,

ಮನೆಗೆ ಬಂದೆ. ನೀನು ಬರೆದುಕೊಟ್ಟದ್ದು ಹತ್ತೊಂಬತ್ತಕ್ಕೆ, ಇಪ್ಪತ್ತಕ್ಕೆ ಮಧ್ಯಾಹ್ನ ನನ್ನನ್ನು ಬಿಟ್ಟರು. ಸಾಹೇಬರು ನಿನ್ನ ಕಾಗದ ಓದುತ್ತ ಎರಡು ಕಡೆ ನಕ್ಕರಂತೆ. "ಮಾಸ್ತರು ಮೊದಲೇ ಬಂದಿದ್ರ ಇಷ್ಟೆಲ್ಲಾ ಯಾಕ ಆಗತಿತ್ತು?" ಎಂದು ನನ್ನನ್ನೇ ಕೇಳಿದರು. ನಿನ್ನ ನೌಕರಿಗೆ ಏನೂ ಆಗಲಿಲ್ಲ ಎಂದು ತಿಳಿಯಿತು. ಛಲೋ ಆಯಿತು.

ಅಕ್ಷರ ಸೊಟ್ಟ ಬರುತ್ತಿದೆ, ಬೇಸರ ಮಾಡಿಕೊಳ್ಳಬೇಡ. ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಮಾರ್ಚ್ ಹದಿನಾಲ್ಕರವರೆಗೆ ಸರಿಯಾಗಿಯೇ ಇದ್ದವು. ಅದರ ಬಗ್ಗೆ ಬರೆಯುವುದಿಲ್ಲ.

ಕ್ಯಾಮೆರಾ ಮರಳಿ ಕೊಟ್ಟಿದ್ದಾರೆ. ಹಿಂದಿನ ಬಾಗಿಲು ತೆರೆದಿತ್ತು, ರೀಲು ಪೂರ್ತಿ ಬೆಳಕು ಕುಡಿದಿತ್ತು. ಬೆಲ್ಟು ಕೊಡಲಿಲ್ಲ. ಹೈದರಾಬಾದಿನಿಂದ ಖರೇ ಸೆಲ್ ಒಂದು ತರಿಸಿದೆ. ಕಣ್ಣು ಅದು ಹುಡುಕಿಕೊಳ್ಳುತ್ತದೆ, ಆದರೆ ಒತ್ತುವುದಕ್ಕೆ ಬೆರಳು ಬೇಕಲ್ಲ. ಈ ಸುಗ್ಗಿಗೆ ಯಾರೂ ಮದುವೆ ಹೇಳಿಲ್ಲ.

ಇನ್ನು ಮುಂದೆ ಲಕೋಟೆ ಬೇಡ, ಕಾರ್ಡು ಬರೆ. ಓದುವವರಿಗೆ ಬಿಚ್ಚುವ ತ್ರಾಸು ತಪ್ಪಲಿ. ಹೆಸರು ಪೂರ್ತಿ ಬರೆ.

ಒಂದೇ ಮಾತು ಕೇಳುವುದಿದೆ. ಹುಮೇರಾ ಮಾರ್ಚ್ ಎರಡನೇ ತಾರೀಖಿಗೇ ನಿನಗೆ ಬರೆದಿದ್ದಳಂತೆ. ನಾಲ್ಕು ದಿನದಲ್ಲಿ ಮುಟ್ಟಿರಲೇಬೇಕು ಎನ್ನುತ್ತಾಳೆ. ಮನೆಯಲ್ಲಿ ನಿನ್ನ ಹೆಸರು ತೆಗೆಯಗೊಡುವುದಿಲ್ಲ. ನಾನು ದಿನಾ ಜಗಳಾಡುತ್ತೇನೆ: ಅಂಚೆ ತಡವಾಗಿರಬೇಕು, ರಘೂ ಕೈಗೆ ಮುಟ್ಟಿದ ದಿನವೇ ಓಡಿ ಬಂದಿರುತ್ತಾನೆ, ಅವನನ್ನು ನಾನು ಬಲ್ಲೆ ಎಂದು. ಎಂದು ಮುಟ್ಟಿತು, ತಾರೀಖು ಬರೆದು ಕಳಿಸು. ಅವಳಿಗೆ ತೋರಿಸಬೇಕು.

ಮಶಾಕ


ಚಿಂಚೋಳಿ
ಏಪ್ರಿಲ್ 9, 2002
ಕಾರ್ಡು

ಶ್ರೀ ಮಶಾಕ ಅವರಿಗೆ ನಮಸ್ಕಾರಗಳು.

ನಾವೆಲ್ಲರೂ ಕ್ಷೇಮ. ತಾವೂ ಕ್ಷೇಮವೆಂದು ತಿಳಿದು ಸಂತೋಷವಾಯಿತು. ಕೈ ಬೇಗ ಗುಣವಾಗಲಿ.

ಶ್ರೀಮತಿ ಹುಮೇರಾ ಅವರ ಪತ್ರ ನನಗೆ ಮುಟ್ಟಿದ್ದು ಮಾರ್ಚ್ ಹದಿನೆಂಟು, ಸೋಮವಾರ, ಮಧ್ಯಾಹ್ನದ ಟಪಾಲಿನಲ್ಲಿ. ಮರುದಿನ ಮೊದಲ ಬಸ್ಸಿಗೆ ಹೊರಟೆ. ಈ ಕಾರ್ಡನ್ನು ಅವರಿಗೆ ತೋರಿಸಬಹುದು.

ರಘೂತ್ತಮ ನರಸಿಂಹಾಚಾರ್